ಹೋದ ಕಾಲಿನ ಲೆಕ್ಕ

2015ರ ಆಗಸ್ಟ್ ತಿಂಗಳ ಒಂದು ಸಂಜೆ. ದಾವಣಗೆರೆಯ ಆಸ್ಪತ್ರೆಯೊಂದರ ಹೊರಜಗಲಿಯಲ್ಲಿ ನಾವು ಏಳೆಂಟು ಜನ ಕೂತಿದ್ದೆವು. ನನ್ನ ವಿದ್ಯಾರ್ಥಿಯೊಬ್ಬನ ತಂದೆ ತಾಯಿ, ಅವರ ಕಡೆಯ ಹಿರಿಯರು, ಒಂದು ಲಾರಿಯ ಮಾಲೀಕರು ಮತ್ತು ನಾನು. ಒಳಗೆ ಒಂಬತ್ತನೆಯ ತರಗತಿಯ ಹುಡುಗ ಮಲಗಿದ್ದ. ಮೂರು ದಿನದ ಹಿಂದೆ ಹರಿಹರದ ಕಡೆಯಿಂದ ಹಳೆಯ ಪಿ.ಬಿ. ರಸ್ತೆಯಲ್ಲಿ ಸೈಕಲ್ ತುಳಿದುಕೊಂಡು ಬರುತ್ತಿದ್ದವನಿಗೆ ಹಿಂದಿನಿಂದ ಬಂದ ಲಾರಿ ಬಡಿದಿತ್ತು. ಬಲಗಾಲನ್ನು ಮಂಡಿಯ ಕೆಳಗೆ ಕತ್ತರಿಸದೆ ವೈದ್ಯರಿಗೆ ಬೇರೆ ದಾರಿ ಇರಲಿಲ್ಲ.

ಲಾರಿ ಮಾಲೀಕರು ಕೆಟ್ಟವರೇನಲ್ಲ. ಕಣ್ಣಲ್ಲಿ ನೀರು ತಂದುಕೊಂಡೇ ಮಾತಾಡಿದರು. ನಲವತ್ತು ಸಾವಿರ ರೂಪಾಯಿ ತಂದಿದ್ದೇನೆ, ಕೇಸು ಗೀಸು ಬೇಡ, ಇಲ್ಲೇ ಮುಗಿಸೋಣ ಎಂದರು. ಎಲ್ಲರೂ ನನ್ನ ಮುಖ ನೋಡಿದರು. ಮೇಷ್ಟ್ರು ಎಂದಮೇಲೆ ನಾಲ್ಕು ವಿಷಯ ಬಲ್ಲವರು ಎಂಬ ನಂಬಿಕೆ. ನಾನೂ ನಾಲ್ಕು ವಿಷಯ ಬಲ್ಲವನಂತೆಯೇ ಹೇಳಿದೆ: "ಕೋರ್ಟಿನ ಮೆಟ್ಟಿಲು ಹತ್ತಿದರೆ ಹತ್ತು ವರ್ಷ. ಗೆದ್ದವನು ಸೋತ, ಸೋತವನು ಸತ್ತ. ಕೈಗೆ ಬಂದದ್ದನ್ನು ತೆಗೆದುಕೊಳ್ಳಿ."

ಹುಡುಗನ ತಂದೆ ಎಪಿಎಂಸಿ ಅಂಗಳದಲ್ಲಿ ಹಮಾಲಿ. ಅವರು ತಲೆ ಬಗ್ಗಿಸಿ ಕೂತಿದ್ದರು. ಮಾತಾಡಿದ್ದು ತಾಯಿ. ಸಂತೆಯಲ್ಲಿ ಸೊಪ್ಪು ಮಾರುವ ಹೆಂಗಸು.

"ಮೇಷ್ಟ್ರೇ, ನೀವು ಲೆಕ್ಕ ಹೇಳಿಕೊಡೋರು. ಇವನು ಇನ್ನೂ ಐವತ್ತು ವರ್ಷ ಬದುಕ್ತಾನೆ ಅಂತ ಇಟ್ಕಳ್ರಿ. ನಲವತ್ತು ಸಾವಿರಾನ ಐವತ್ತು ವರ್ಷಕ್ಕೆ ಹಂಚ್ರಿ. ದಿನಕ್ಕೆ ಎಷ್ಟು ಬರ್ತತಿ?"

ನಾನು ಮನಸ್ಸಿನಲ್ಲೇ ಭಾಗಿಸಿದೆ. ಎರಡು ರೂಪಾಯಿ ಹತ್ತೊಂಬತ್ತು ಪೈಸೆ. ಬಾಯಿಬಿಟ್ಟು ಹೇಳಲಿಲ್ಲ. ಆಕೆ ಹಣ ಮುಟ್ಟಲಿಲ್ಲ. ಮಾರನೆಯ ದಿನ ಪೊಲೀಸ್ ಠಾಣೆಗೆ ಹೋಗಿ ದೂರು ಬರೆಸಿಕೊಟ್ಟರು.

ಅಂದಿನಿಂದ ಇದರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದತೊಡಗಿದೆ. ನಾನು ವಕೀಲನಲ್ಲ, ಬಿ.ಎಸ್ಸಿ., ಬಿ.ಎಡ್. ಮಾಡಿದ ಶಾಲಾ ಮೇಷ್ಟ್ರು. ಆದರೆ ಕೈಯೋ ಕಾಲೋ ಕಳೆದುಕೊಂಡವರ ಪರಿಹಾರದ ವಿಚಾರದಲ್ಲಿ ಕಾನೂನಿನಷ್ಟೇ ಗಣಿತವೂ ಇದೆ, ಸ್ವಲ್ಪ ಜೀವಶಾಸ್ತ್ರವೂ ಇದೆ. ಅದನ್ನಾದರೂ ಹೇಳುವ ಅಧಿಕಾರ ನನಗಿದೆ ಎಂದುಕೊಂಡು ಇದನ್ನು ಬರೆಯುತ್ತಿದ್ದೇನೆ.

ಮೊದಲು, ಆ ದಿನ ನನಗೆ ಗೊತ್ತಿರದ ಒಂದು ಸಾಮಾನ್ಯ ಸಂಗತಿ. ರಸ್ತೆಗಿಳಿಯುವ ಪ್ರತಿಯೊಂದು ಮೋಟಾರು ವಾಹನಕ್ಕೂ ಮೂರನೆಯ ವ್ಯಕ್ತಿಗೆ ಆಗುವ ಹಾನಿಯ ವಿಮೆ ಕಡ್ಡಾಯ. 1988ರ ಮೋಟಾರು ವಾಹನ ಕಾಯಿದೆ ಹೇಳುವುದು ಹಾಗೆ. ಗಾಯಾಳುವಿಗೆ ನ್ಯಾಯಮಂಡಳಿ ಗೊತ್ತುಮಾಡುವ ಪರಿಹಾರವನ್ನು ವಿಮೆ ಚಾಲ್ತಿಯಲ್ಲಿರುವ ವಾಹನದ ಪರವಾಗಿ ವಿಮಾ ಕಂಪನಿ ಕೊಡುತ್ತದೆ. ಆದ್ದರಿಂದ 'ಪಾಪ, ಲಾರಿಯವರೂ ಸಾಲಗಾರರು, ಅವರ ಹೊಟ್ಟೆಯ ಮೇಲೆ ಹೊಡೆಯುವುದು ಬೇಡ' ಎಂಬ ನಮ್ಮ ಹಿರಿಯರ ಸಂಕೋಚ ಬಹುಪಾಲು ಅನವಶ್ಯಕ. ಆ ಹೊತ್ತು ಜಗಲಿಯ ಮೇಲೆ ಕೊಡಲು ಬಂದಿದ್ದ ನಲವತ್ತು ಸಾವಿರ ಕಾಲಿನ ಬೆಲೆಯಾಗಿರಲಿಲ್ಲ, ಪೊಲೀಸ್ ಮೊಕದ್ದಮೆ ತಪ್ಪಿಸಿಕೊಳ್ಳುವ ಬೆಲೆಯಾಗಿತ್ತು. ವಿಮೆ ಇಲ್ಲದ ವಾಹನವಾದರೆ ಮಾತ್ರ ಮಾಲೀಕನೇ ತೆರಬೇಕಾಗುತ್ತದೆ. ವಸೂಲಿ ಕಷ್ಟವಾಗುವುದೂ ಅಲ್ಲಿಯೇ.

ಠಾಣೆಯ ದೂರಿಲ್ಲದೆ ಹೋದರೆ ಮುಂದಿನದೆಲ್ಲ ಬಿಗಿಯಾಗುತ್ತದೆ. ಆಸ್ಪತ್ರೆಗೆ ಸೇರಿಸುವಾಗ 'ಸೈಕಲ್ಲಿನಿಂದ ಬಿದ್ದ' ಎಂದು ಬರೆಸಿ, ಆಮೇಲೆ 'ಲಾರಿ ಹೊಡೆಯಿತು' ಎಂದರೆ ವಿಮಾ ಕಂಪನಿಯ ವಕೀಲರು ಆ ಒಂದು ಸಾಲನ್ನೇ ಹಿಡಿದುಕೊಳ್ಳುತ್ತಾರೆ. ಗಾಬರಿಯಲ್ಲಿ ಯಾರೋ ಬರೆಸಿದ ಸಾಲು ವರ್ಷಗಟ್ಟಲೆ ಬೆನ್ನು ಹತ್ತುತ್ತದೆ. 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮಗಳ ಪ್ರಕಾರ ಪೊಲೀಸರೇ 48 ಗಂಟೆಯೊಳಗೆ ಮೊದಲ ಅಪಘಾತ ವರದಿಯನ್ನೂ 90 ದಿನದೊಳಗೆ ವಿವರವಾದ ವರದಿಯನ್ನೂ ನ್ಯಾಯಮಂಡಳಿಗೆ ಕಳಿಸಬೇಕು. ನಿಯಮ ಇದೆ ಎಂದು ನಾವು ಸುಮ್ಮನೆ ಕೂರುವಂತಿಲ್ಲ. ಆ ವರದಿಯ ಪ್ರತಿ ಕೇಳಿ ಪಡೆಯಬೇಕು.

ಶೇಕಡಾ, ಆದರೆ ಯಾವುದರ ಶೇಕಡಾ?

ಏಳನೆಯ ತರಗತಿಯಲ್ಲಿ ಶೇಕಡಾ ಲೆಕ್ಕ ಕಲಿಸುವಾಗ ನಾವು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದೇ: ಯಾವುದರ ಶೇಕಡಾ? ಅದನ್ನು ಮರೆತ ಹುಡುಗನ ಉತ್ತರ ತಪ್ಪುತ್ತದೆ. ನ್ಯಾಯಾಲಯದಲ್ಲಿ ಅದನ್ನು ಮರೆತವರ ಪರಿಹಾರವೇ ತಪ್ಪಿಹೋಗುತ್ತದೆ.

ವೈದ್ಯರು ಪ್ರಮಾಣಪತ್ರದಲ್ಲಿ ಬರೆಯುವುದು ಅಂಗದ ಶೇಕಡಾ. ಎಡಗೈ ಶೇ. 68ರಷ್ಟು ಹೋಗಿದೆ ಎಂದರೆ ಆ ಕೈಯ ಶಕ್ತಿಯಲ್ಲಿ ಅಷ್ಟು ಹೋಗಿದೆ ಎಂದರ್ಥ. ಅದನ್ನೇ ಇಡೀ ದೇಹಕ್ಕೆ ಇಳಿಸಿದಾಗ ಅಂಕಿ ಚಿಕ್ಕದಾಗುತ್ತದೆ. ನಮ್ಮ ರಾಜ್ಯದ ನ್ಯಾಯಮಂಡಳಿಗಳಲ್ಲಿ ಅಂಗದ ಊನದ ಮೂರನೆಯ ಒಂದು ಭಾಗವನ್ನು ದೇಹದ ಊನ ಎಂದು ಹಿಡಿಯುವ ರೂಢಿ ಬಹಳ ಕಾಲದಿಂದ ಇದೆ. ಆದರೆ ಹೊಟ್ಟೆಪಾಡಿನ ಶೇಕಡಾ ಈ ಎರಡೂ ಅಲ್ಲ, ಅದು ಮೂರನೆಯದು. ದುಡಿಯುವ ಶಕ್ತಿ ಎಷ್ಟು ಹೋಯಿತು ಎಂಬುದು ಅಂಗವನ್ನು ನೋಡಿ ಗೊತ್ತಾಗುವುದಿಲ್ಲ, ಆ ಮನುಷ್ಯ ಮಾಡುತ್ತಿದ್ದ ಕೆಲಸ ನೋಡಿ ಗೊತ್ತಾಗುತ್ತದೆ.

ಈ ಭೇದವನ್ನು ಬಿಡಿಸಿ ಹೇಳಿದ ತೀರ್ಪು 2010ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟಿನಿಂದ ಬಂತು. ಬರೆದವರು ನಮ್ಮ ಕರ್ನಾಟಕ ಹೈಕೋರ್ಟಿನಲ್ಲಿ ಬಹುಕಾಲ ನ್ಯಾಯಮೂರ್ತಿಗಳಾಗಿದ್ದ ಆರ್.ವಿ. ರವೀಂದ್ರನ್ ಅವರು. ಅದರಲ್ಲಿ ಕೊಟ್ಟಿರುವ ಉದಾಹರಣೆ ಪಾಠದ ಹಲಗೆಯ ಮೇಲೆ ಬರೆಯಬಹುದಾದಷ್ಟು ತಿಳಿ. ಒಬ್ಬನ ಎಡಗೈ ಹೋಗಿದೆ, ಊನ ಶೇ. 60 ಎಂದಿಟ್ಟುಕೊಳ್ಳಿ. ಅವನು ಚಾಲಕನೋ ಬಡಗಿಯೋ ಆಗಿದ್ದರೆ ದುಡಿಮೆಯ ನಷ್ಟ ಹೆಚ್ಚುಕಡಿಮೆ ಪೂರ್ತಿ ನೂರು. ಅವನೇ ಸರ್ಕಾರಿ ಗುಮಾಸ್ತನಾಗಿ ಅದೇ ಕುರ್ಚಿಯಲ್ಲಿ ಮುಂದುವರಿದರೆ ದುಡಿಮೆಯ ನಷ್ಟ ನೂರಾಗುವುದಿಲ್ಲ, ಶೇ. 60 ಕೂಡ ಆಗಬೇಕಿಲ್ಲ. ಅವನಿಗೆ ಸಲ್ಲಬೇಕಾದದ್ದು ಬೇರೆ ಬಾಬತ್ತುಗಳಲ್ಲಿ: ನೋವಿಗೆ, ಬದುಕಿನ ಸುಖ ಕಳೆದುಕೊಂಡದ್ದಕ್ಕೆ. ಕೈ ಒಂದೇ, ಗಾಯ ಒಂದೇ, ಉತ್ತರ ಎರಡು.

ಹೊಸ ಮಾತೇನಲ್ಲ ಇದು. ಸಿನಿಮಾ ಮಂದಿರದಲ್ಲಿ ಕುಸುರಿ ಕೆಲಸ ಮಾಡುವಾಗ ಬಿದ್ದು, ಎಡಗೈಯನ್ನು ಮೊಣಕೈ ಮೇಲಿನವರೆಗೆ ಕಳೆದುಕೊಂಡ ಬಡಗಿಯೊಬ್ಬನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1975ರ ಡಿಸೆಂಬರಿನಲ್ಲೇ ಇದನ್ನು ಹೇಳಿತ್ತು. ಮಾಲೀಕರು ಇದು ಭಾಗಶಃ ಊನವಷ್ಟೇ ಎಂದು ವಾದಿಸಿದ್ದರು. ಒಂದೇ ಕೈಯಿಂದ ಬಡಗಿ ಕೆಲಸ ಸಾಧ್ಯವಿಲ್ಲ, ಆದ್ದರಿಂದ ನಷ್ಟ ಪೂರ್ತಿ ಎಂದು ಕೋರ್ಟು ಎತ್ತಿಹಿಡಿಯಿತು. ಅದು ರಸ್ತೆ ಅಪಘಾತವಲ್ಲ, ಕೆಲಸದ ಜಾಗದ ಅಪಘಾತ. ಅದಕ್ಕೆ 1923ರ ಕಾಯಿದೆ ಬೇರೆಯೇ ಇತ್ತು. ಮೈಸೂರು ಕಿರ್ಲೋಸ್ಕರಿನ ಲೇತ್ ಯಂತ್ರಗಳನ್ನು ಕಂಡ ಹರಿಹರದವರಿಗೂ ಮಿಲ್ಲುಗಳ ಊರಾದ ದಾವಣಗೆರೆಯವರಿಗೂ ಆ ಕಾಯಿದೆಯ ಪಟ್ಟಿ ಅಪರಿಚಿತವಾಗಿರಲಿಕ್ಕಿಲ್ಲ: ಹೆಬ್ಬೆರಳು ಹೋದರೆ ಶೇ. 30, ಹಸ್ತ ಹೋದರೆ 60, ಭುಜದಿಂದ ತೋಳು ಹೋದರೆ 90. ಆ ಕಾಯಿದೆ ಈಗ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಸೇರಿಹೋಗಿದೆ. ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂತು. ಇಎಸ್‌ಐ ಇರುವ ಕಾರ್ಮಿಕರಿಗೆ ಹಾದಿ ಇನ್ನೊಂದು: ಇಡಿಗಂಟಿನ ಬದಲು ತಿಂಗಳ ಪಿಂಚಣಿ ಬರುತ್ತದೆ. ಅದೆಲ್ಲ ಇನ್ನೊಂದು ಲೇಖನಕ್ಕಾಗುವಷ್ಟಿದೆ, ನಾನು ರಸ್ತೆಗೇ ಮರಳುತ್ತೇನೆ.

ಕರ್ನಾಟಕದ ಕೂಲಿಕಾರರೊಬ್ಬರ ಪ್ರಕರಣವನ್ನು ಮಾತ್ರ ಬಿಡಲಾರೆ. ಅಪಘಾತದಲ್ಲಿ ಅವರ ಎಡಗೈ ನಿಷ್ಪ್ರಯೋಜಕವಾಯಿತು. ನ್ಯಾಯಮಂಡಳಿಯೂ ಹೈಕೋರ್ಟೂ ಶೇ. 20 ಎಂದು ಹಿಡಿದವು. ಸುಪ್ರೀಂ ಕೋರ್ಟು 2011ರಲ್ಲಿ ಅದನ್ನು ಶೇ. 68ಕ್ಕೆ ಏರಿಸಿತು. ಕೂಲಿ ಕೆಲಸಕ್ಕೆ ಎರಡೂ ಕೈ ಬೇಕು, ಈ ಮನುಷ್ಯ ಇನ್ನುಳಿದ ಆಯುಷ್ಯವೆಲ್ಲ ಮೈಮುರಿದು ದುಡಿಯಬೇಕಾದವನು, ಕೈ ಊನವಾದವನನ್ನು ಕೆಲಸಕ್ಕೆ ಕರೆಯುವವರೂ ಕಡಿಮೆ ಎಂಬುದು ಅದರ ಕಾರಣ. 20 ಮತ್ತು 68ರ ನಡುವೆ ಮೂರು ಪಟ್ಟಿಗಿಂತ ಹೆಚ್ಚಿನ ಅಂತರ. ಅದು ಗಾಯದಲ್ಲಿನ ಅಂತರವಲ್ಲ, 'ಯಾವುದರ ಶೇಕಡಾ' ಎಂಬ ಪ್ರಶ್ನೆಗೆ ಕೊಟ್ಟ ಉತ್ತರದಲ್ಲಿನ ಅಂತರ.

ತರಕಾರಿ ಮಾರುವವನ ಲೆಕ್ಕಪುಸ್ತಕ

ಇನ್ನೊಂದು ಪ್ರಕರಣವೂ ಕರ್ನಾಟಕ ಹೈಕೋರ್ಟಿನಿಂದಲೇ ಮೇಲೆ ಹೋದದ್ದು. 2008ರ ಅಪಘಾತ, ಇಪ್ಪತ್ತನಾಲ್ಕು ವರ್ಷದ ತರಕಾರಿ ವ್ಯಾಪಾರಿ, ಬಲಗಾಲು ಮಂಡಿಯವರೆಗೆ ಹೋಗಿತ್ತು. ತಿಂಗಳ ಸಂಪಾದನೆಗೆ ದಾಖಲೆ ಎಲ್ಲಿ ಎಂದು ಕೆಳಗಿನ ಹಂತಗಳಲ್ಲಿ ಕೇಳಿದರು. ತಲೆಯ ಮೇಲೆ ಬುಟ್ಟಿ ಹೊತ್ತವನು ರಸೀದಿ ಪುಸ್ತಕ ಎಲ್ಲಿಂದ ತರಬೇಕು? 2014ರ ಜನವರಿಯಲ್ಲಿ ಸುಪ್ರೀಂ ಕೋರ್ಟು, ಇಂಥವನಿಂದ ವರಮಾನದ ಪುರಾವೆ ಕೇಳುವುದಕ್ಕೆ ಕಾರಣವೇ ಇಲ್ಲ, ತರಕಾರಿ ವ್ಯಾಪಾರಿಯೊಬ್ಬ ತಿಂಗಳಿಗೆ 6,500 ರೂಪಾಯಿ ದುಡಿಯಬಲ್ಲ ಎಂದು ನಂಬಲು ಅಡ್ಡಿಯಿಲ್ಲ ಎಂದಿತು. ಕೂತು ಮಾಡುವ ಬೇರೆ ಕೆಲಸ ಹುಡುಕಿಕೊಳ್ಳಲಿ ಎಂಬ ವಾದವನ್ನೂ ಒಪ್ಪಲಿಲ್ಲ. ಓಡಾಡಿ ಮಾರುವವನಿಗೆ ಕಾಲು ಹೋದರೆ ಜೀವನೋಪಾಯವೇ ಹೋದಂತೆ ಎಂದು ದುಡಿಮೆಯ ನಷ್ಟವನ್ನು ಶೇ. 85 ಎಂದು ಹಿಡಿಯಿತು.

ವಿದ್ಯಾರ್ಥಿಗಳು ಪೆನ್ನು ಹಿಡಿದು ಕೂರಿ, ಈ ಲೆಕ್ಕ ಮಾಡಿ ನೋಡೋಣ. ತಿಂಗಳಿಗೆ 6,500. ಪ್ರಾಯದವನು, ಮುಂದೆ ಸಂಪಾದನೆ ಏರುತ್ತಿತ್ತು ಎಂದು ಅದರ ಅರ್ಧ ಸೇರಿಸಿದರು: 9,750. ಹನ್ನೆರಡರಿಂದ ಗುಣಿಸಿದರೆ ವರ್ಷಕ್ಕೆ 1,17,000. ಅವನ ವಯಸ್ಸಿಗೆ ಗುಣಕ 18. ಗುಣಿಸಿದರೆ 21,06,000. ಅದರಲ್ಲಿ ಶೇ. 85 ಎಂದರೆ 17,90,100 ರೂಪಾಯಿ. ಆಸ್ಪತ್ರೆ, ನೋವು ಇತ್ಯಾದಿ ಬಾಬತ್ತುಗಳು ಇದರ ಮೇಲೆ. 2017ರ ಐದು ನ್ಯಾಯಮೂರ್ತಿಗಳ ಪೀಠದ ತೀರ್ಪಿನ ನಂತರ, ನಲವತ್ತರ ಒಳಗಿನ ಸ್ವಂತ ದುಡಿಮೆಯವರಿಗೆ ಈ ಹೆಚ್ಚುವರಿ ಅರ್ಧವಲ್ಲ, ಶೇ. 40. ಸತ್ತವರ ಕುಟುಂಬಕ್ಕಷ್ಟೇ ಅಲ್ಲ, ಅಂಗ ಕಳೆದುಕೊಂಡವರಿಗೂ ಇದು ಸಲ್ಲುತ್ತದೆ ಎಂದು 2020ರಲ್ಲಿ, ಬಲಗೈ ಕಳೆದುಕೊಂಡ ಬೆರಳಚ್ಚುಗಾರರೊಬ್ಬರ ಪ್ರಕರಣದಲ್ಲಿ ಸ್ಪಷ್ಟವಾಯಿತು.

ಗುಣಕ 18 ಏಕೆ, ದುಡಿಮೆಯ ವರ್ಷ ಇನ್ನೂ ಮೂವತ್ತೈದು ಇವೆಯಲ್ಲ ಎಂದು ಜಾಣ ಹುಡುಗರು ಕೇಳುತ್ತಾರೆ. ಉತ್ತರ ಬಡ್ಡಿಯಲ್ಲಿದೆ. ವರ್ಷಕ್ಕೆ ಒಂದು ಲಕ್ಷದ ನಷ್ಟಕ್ಕೆ ಹದಿನೆಂಟು ಲಕ್ಷ ಒಟ್ಟಿಗೆ ಕೊಟ್ಟರೆ, ಅದನ್ನು ಶೇ. 6ರ ಬಡ್ಡಿಗೆ ಇಟ್ಟಾಗ ವರ್ಷಕ್ಕೆ 1,08,000 ಬರುತ್ತದೆ, ಅಸಲು ಹಾಗೆಯೇ ಉಳಿಯುತ್ತದೆ. ಹದಿನೈದರಿಂದ ಇಪ್ಪತ್ತೈದರವರೆಗೆ ಗುಣಕ 18, ನಲವತ್ತರ ಹತ್ತಿರ 15, ನನ್ನಂಥ ಐವತ್ತು ದಾಟಿದವರಿಗೆ 11. ಈ ಪಟ್ಟಿ 2009ರ ತೀರ್ಪಿನದು. ಸೊಪ್ಪು ಮಾರುವ ತಾಯಿ ಜಗಲಿಯ ಮೇಲೆ ಕೇಳಿದ ಭಾಗಾಕಾರವನ್ನೇ ಕೋರ್ಟು ಗುಣಾಕಾರದಲ್ಲಿ ಮಾಡುತ್ತದೆ ಎಂದು ನನಗೆ ಹೊಳೆದದ್ದು ಇದನ್ನು ಓದಿದಾಗ.

ಇನ್ನೂ ದುಡಿಯದ ಮಗು

ಶಾಲೆಯ ಹುಡುಗನಿಗೆ ಸಂಪಾದನೆಯೇ ಇಲ್ಲ. ಸೊನ್ನೆಯನ್ನು ಏನರಿಂದ ಗುಣಿಸಿದರೂ ಸೊನ್ನೆ. ಈ ತೊಡಕನ್ನು ಬಿಡಿಸಲು ಸುಪ್ರೀಂ ಕೋರ್ಟು 2013ರ ಆಗಸ್ಟಿನಲ್ಲಿ, ಅದೂ ಕರ್ನಾಟಕದ ಬಾಲಕನೊಬ್ಬನ ಮೇಲ್ಮನವಿಯಲ್ಲಿ, ಮಕ್ಕಳಿಗೆ ಒಂದು ಅಳತೆಗೋಲು ಹಾಕಿಕೊಟ್ಟಿತು. ದೇಹದ ಊನ ಶೇ. 10ರವರೆಗೆ ಇದ್ದರೆ 1 ಲಕ್ಷ, 30ರವರೆಗೆ 3 ಲಕ್ಷ, 60ರವರೆಗೆ 4 ಲಕ್ಷ, 90ರವರೆಗೆ 5 ಲಕ್ಷ, ಅದರ ಮೇಲೆ 6 ಲಕ್ಷ. ಚಿಕಿತ್ಸೆಯ ಖರ್ಚು ಬೇರೆ. ನನ್ನ ವಿದ್ಯಾರ್ಥಿಯ ಪ್ರಕರಣ ನಡೆದದ್ದು ಈ ಅಳತೆಗೋಲಿನ ಕಾಲದಲ್ಲಿ.

ನನ್ನ ಅಭಿಪ್ರಾಯದಲ್ಲಿ ಆ ಅಳತೆಗೋಲು ಗಿಡ್ಡವಾಗಿತ್ತು. ಇಪ್ಪತ್ತನಾಲ್ಕರ ವ್ಯಾಪಾರಿಯ ಕಾಲಿಗೆ ದುಡಿಮೆಯ ಬಾಬತ್ತಿನಲ್ಲೇ ಹದಿನೇಳು ಲಕ್ಷದ ಮೇಲೆ, ಹದಿನಾಲ್ಕರ ಹುಡುಗನ ಕಾಲಿಗೆ ನಾಲ್ಕೋ ಐದೋ ಲಕ್ಷ ಎಂದರೆ ಯಾವ ಮೇಷ್ಟ್ರೂ ಒಪ್ಪಲಾರ. ಸುಪ್ರೀಂ ಕೋರ್ಟೂ ಮುಂದೆ ಬೇರೆ ದಾರಿ ಹಿಡಿಯಿತು. 2020ರಲ್ಲಿ ಹನ್ನೆರಡು ವರ್ಷದ ಬಾಲಕಿಯ ಪ್ರಕರಣದಲ್ಲಿ ಕನಿಷ್ಠ ವೇತನವನ್ನು ಆಧಾರವಾಗಿ ಹಿಡಿದು ಗುಣಕದ ಲೆಕ್ಕವನ್ನೇ ಮಾಡಿತು. 2025ರಲ್ಲಿ ಗುಜರಾತಿನ ಬಾಲಕನ ಪ್ರಕರಣದಲ್ಲಿ, ಮಗುವಿನ ಸಂಪಾದನೆಯನ್ನು ಆ ರಾಜ್ಯದ ಕುಶಲ ಕಾರ್ಮಿಕನ ಕನಿಷ್ಠ ವೇತನದಷ್ಟೆಂದು ಹಿಡಿಯಬೇಕು ಎಂದಿತು. ಇಂದು ಮಗುವಿನ ಪರವಾಗಿ ಅರ್ಜಿ ಹಾಕುವ ತಂದೆ ತಾಯಿ ತಮ್ಮ ವಕೀಲರನ್ನು ಕೇಳಬೇಕಾದ ಮೊದಲ ಪ್ರಶ್ನೆ ಇದೇ: ಹಳೆಯ ಪಟ್ಟಿಯೋ, ಕನಿಷ್ಠ ವೇತನದ ಲೆಕ್ಕವೋ?

ಈಗ ನನ್ನದೇ ತಪ್ಪಿಗೆ ಬರುತ್ತೇನೆ. ಜಗಲಿಯ ಮೇಲಿನ ಬುದ್ಧಿವಾದವನ್ನು ಆ ತಾಯಿ ಕೇಳಲಿಲ್ಲ, ಹಾಗಾಗಿ ಅದರಿಂದ ಹಾನಿಯಾಗಲಿಲ್ಲ. ಎರಡನೆಯ ತಪ್ಪಿನಿಂದ ಆಯಿತು. ಅದು ಸುಮ್ಮನಿದ್ದ ತಪ್ಪು.

ಎಲುಬು ಹೇಗೆ ಬೆಳೆಯುತ್ತದೆ ಎಂದು ನಾನು ಪ್ರತಿ ವರ್ಷ ಪಾಠ ಮಾಡುತ್ತೇನೆ. ಉದ್ದನೆಯ ಎಲುಬುಗಳ ತುದಿಯ ಹತ್ತಿರ ಬೆಳೆಯುವ ಮೃದ್ವಸ್ಥಿಯ ತಟ್ಟೆ ಇದೆ, ಹದಿಹರೆಯ ಮುಗಿಯುವವರೆಗೂ ಅದು ಕೆಲಸ ಮಾಡುತ್ತಲೇ ಇರುತ್ತದೆ ಎಂದು ಚಿತ್ರ ಬರೆದು ತೋರಿಸುತ್ತೇನೆ. ಕಾಲು ಕತ್ತರಿಸಿದ ಮಾತ್ರಕ್ಕೆ ಮೇಲಿನ ತಟ್ಟೆಗೆ ಅದು ಗೊತ್ತಾಗುವುದಿಲ್ಲ. ಉಳಿದ ಮೋಟುಗಾಲೂ ಬೆಳೆಯುತ್ತದೆ, ಇನ್ನೊಂದು ಕಾಲೂ ಉದ್ದವಾಗುತ್ತದೆ. ಮಕ್ಕಳಲ್ಲಿ ಕತ್ತರಿಸಿದ ಎಲುಬಿನ ತುದಿ ಚೂಪಾಗಿ ಬೆಳೆದು ಚರ್ಮವನ್ನು ಒತ್ತುವುದೂ ಉಂಟು. ಆಗ ಮತ್ತೊಂದು ಶಸ್ತ್ರಚಿಕಿತ್ಸೆ. ಹೀಗಾಗಿ ಬೆಳೆಯುವ ಹುಡುಗನಿಗೆ ಕೃತಕ ಕಾಲು ಚಪ್ಪಲಿಯ ಹಾಗೆ ಚಿಕ್ಕದಾಗುತ್ತ ಹೋಗುತ್ತದೆ. ಕೆಲವೇ ವರ್ಷಕ್ಕೊಮ್ಮೆ ಬದಲಿಸಬೇಕು. ದೊಡ್ಡವನಾದ ಮೇಲೂ ಒಂದು ಕೃತಕ ಕಾಲು ಆಯುಷ್ಯಪೂರ್ತಿ ಬಾಳುವುದಿಲ್ಲ. ಉತ್ತರ ಪ್ರದೇಶದ ಸಾರಿಗೆ ಸಂಸ್ಥೆಯ ವಿರುದ್ಧದ ಪ್ರಕರಣವೊಂದರಲ್ಲಿ 2022ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಗಮನಿಸಿದ ಅಂಕಿಗಳು ಇವು: ಒಂದು ಕೃತಕ ಕಾಲಿಗೆ 2.60 ಲಕ್ಷ, ಅದರ ಬಾಳಿಕೆ ಐದಾರು ವರ್ಷ, ನಡುನಡುವಿನ ದುರಸ್ತಿಗೆ ಪ್ರತಿ ಸಲ 15ರಿಂದ 20 ಸಾವಿರ. ಆ ಗಾಯಾಳುವಿಗೆ ಮುಂದಿನ ಕಾಲುಗಳಿಗೂ ದುರಸ್ತಿಗೂ ಬೇರೆ ಬೇರೆಯಾಗಿಯೇ ಹಣ ಗೊತ್ತುಮಾಡಿತು.

ನನ್ನ ವಿದ್ಯಾರ್ಥಿಯ ಅರ್ಜಿಯಲ್ಲಿ ಒಂದೇ ಒಂದು ಕೃತಕ ಕಾಲಿನ ಬಿಲ್ಲು ಇತ್ತು. ಹುಡುಗ ಬೆಳೆಯುತ್ತಾನೆ ಎಂದು ಅರ್ಜಿಯಲ್ಲಿ ಯಾರೂ ಬರೆಯಲಿಲ್ಲ, ಸಾಕ್ಷಿಗೆ ಬಂದ ವೈದ್ಯರನ್ನು ಯಾರೂ ಕೇಳಲಿಲ್ಲ. ನನ್ನನ್ನು ಅರ್ಜಿ ಓದಿ ನೋಡಿ ಎಂದು ತಂದು ತೋರಿಸಿದ್ದರು. ಓದಿದ್ದೆ. ಕಾಗುಣಿತದ ತಪ್ಪು ತಿದ್ದಿ ಕೊಟ್ಟಿದ್ದೆ.

ಇದು ಏಕೆ ಇಷ್ಟು ದೊಡ್ಡ ವಿಷಯ ಎಂದರೆ, ಇಂಥ ಪ್ರಕರಣದಲ್ಲಿ ಎರಡನೆಯ ಸಲ ಕೇಳಲು ಬರುವುದಿಲ್ಲ. 2002ರ ಡಿಸೆಂಬರಿನ ತೀರ್ಪೊಂದರಲ್ಲಿ ಸುಪ್ರೀಂ ಕೋರ್ಟು ಎರಡು ಮಾತು ಹೇಳಿದೆ. ಅರ್ಜಿಯಲ್ಲಿ ಕೇಳಿದ್ದಕ್ಕಿಂತ ಹೆಚ್ಚನ್ನು ಕೊಡಲು ನ್ಯಾಯಮಂಡಳಿಗೆ ಅಧಿಕಾರವಿದೆ, ನ್ಯಾಯವಾದ ಪರಿಹಾರ ಎಷ್ಟೋ ಅಷ್ಟು ಕೊಡಬೇಕು ಎಂಬುದು ಒಂದು. ಅಂತಿಮ ಆದೇಶವಾದ ಮೇಲೆ ಮುಂದಿನ ಚಿಕಿತ್ಸೆಗೆಂದು ಮತ್ತೆ ಬರಲು ಕಾನೂನಿನಲ್ಲಿ ಅವಕಾಶವಿಲ್ಲ, ಆದ್ದರಿಂದ ಮುಂದಿನದನ್ನೂ ಈಗಲೇ ಅಂದಾಜು ಮಾಡಬೇಕು ಎಂಬುದು ಇನ್ನೊಂದು. ಮೊದಲನೆಯದರ ಬಾಗಿಲು ತೆರೆದೇ ಇತ್ತು. ನಾವು ಒಳಗೆ ಹೋಗಿ ಕೇಳಲಿಲ್ಲ.

ಕೇಳಬೇಕಾದ ಇನ್ನೊಂದು ಬಾಬತ್ತು ನೋವು. ಕತ್ತರಿಸಿ ಹೋದ ಪಾದದ ಬೆರಳು ಉರಿಯುತ್ತದೆ ಎಂದು ಹುಡುಗ ರಾತ್ರಿ ಅಳುತ್ತಿದ್ದ. ಮನೆಯವರು ಹೆದರಿ ಅಂತ್ರ ಕಟ್ಟಿಸಿದರು. ದೆವ್ವವೂ ಅಲ್ಲ, ನಾಟಕವೂ ಅಲ್ಲ. ಮೆದುಳಿನಲ್ಲಿ ಪಾದಕ್ಕೆಂದು ಇರುವ ಜಾಗ ಪಾದ ಹೋದ ಮೇಲೂ ಇರುತ್ತದೆ, ತುಂಡಾದ ನರಗಳಿಂದ ಸುದ್ದಿ ಬಂದಾಗ ಅದು ಪಾದದ ನೋವೆಂದೇ ತಿಳಿಯುತ್ತದೆ. ಇದಕ್ಕೆ ಔಷಧವೂ ಉಂಟು, ಕನ್ನಡಿಯ ಮುಂದೆ ಮಾಡಿಸುವ ಚಿಕಿತ್ಸೆಯೂ ಉಂಟು. ವೈದ್ಯರ ಚೀಟಿಯಲ್ಲಿ ಇದು ದಾಖಲಾಗಿದ್ದರೆ ನ್ಯಾಯಮಂಡಳಿಯ ಮುಂದೆಯೂ ಅದಕ್ಕೆ ತೂಕ ಬರುತ್ತದೆ.

ಗಡುವು ಮತ್ತು ಜಾಗ

ಅರ್ಜಿಯನ್ನು ಅಪಘಾತವಾದ ಊರಿನಲ್ಲೇ ಹಾಕಬೇಕೆಂದಿಲ್ಲ. ಗಾಯಾಳು ವಾಸಿಸುವ ಜಾಗದ ನ್ಯಾಯಮಂಡಳಿಯಲ್ಲೂ ಹಾಕಬಹುದು. ಹುಬ್ಬಳ್ಳಿಯ ಹತ್ತಿರ ಅಪಘಾತವಾದ ದಾವಣಗೆರೆಯವರು ದಾವಣಗೆರೆಯಲ್ಲೇ ಹಾಕಿದರೆ ನಡೆಯುತ್ತದೆ. ಅಪ್ರಾಪ್ತ ವಯಸ್ಸಿನವರ ಪರವಾಗಿ ತಂದೆ ಅಥವಾ ತಾಯಿ ಹಾಕುತ್ತಾರೆ. ಬಂದ ಹಣವನ್ನು ಸಾಮಾನ್ಯವಾಗಿ ಮಗು ಪ್ರಾಪ್ತ ವಯಸ್ಸಿಗೆ ಬರುವವರೆಗೆ ಬ್ಯಾಂಕಿನಲ್ಲಿ ಠೇವಣಿ ಇಡಿಸುತ್ತಾರೆ.

ಗಡುವಿನ ವಿಚಾರದಲ್ಲಿ ಬಹಳ ಜನ ಮೋಸ ಹೋಗುತ್ತಾರೆ. 1994ರಲ್ಲಿ ಗಡುವನ್ನು ತೆಗೆದುಹಾಕಿದ್ದರಿಂದ 'ಯಾವಾಗ ಬೇಕಾದರೂ ಹಾಕಬಹುದು' ಎಂಬ ಮಾತು ಜನರ ಬಾಯಲ್ಲಿ ಉಳಿದಿದೆ. 2019ರ ತಿದ್ದುಪಡಿಯ ಪ್ರಕಾರ, 2022ರ ಏಪ್ರಿಲ್ 1ರಿಂದ ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಬೀಳಬೇಕು. ಈ ಗಡುವನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟಿನ ಮುಂದೆ ಹೋಗಿವೆ, ನಿಜ. ಅದನ್ನು ನೆಚ್ಚಿಕೊಂಡು ಕೂರುವುದು ಜಾಣತನವಲ್ಲ.

ವಕೀಲರ ಖರ್ಚಿಗೆ ಹೆದರುವವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಬಹುದು. ಮಹಿಳೆಯರು, ಮಕ್ಕಳು, ಅಂಗವಿಕಲರು, ಪರಿಶಿಷ್ಟ ಜಾತಿ ಪಂಗಡದವರು ವರಮಾನ ಎಷ್ಟೇ ಇದ್ದರೂ ಉಚಿತ ನೆರವಿಗೆ ಅರ್ಹರು. ಲೋಕ ಅದಾಲತ್ತಿನಲ್ಲಿ ಬೇಗ ಮುಗಿಯುತ್ತದೆ ಎಂಬುದೂ ನಿಜ. ಆದರೆ ಅಲ್ಲಿ ಒಪ್ಪಿ ಸಹಿ ಹಾಕಿದ ಮೇಲೆ ಮೇಲ್ಮನವಿ ಇಲ್ಲ. ಮುಂದಿನ ಕಾಲುಗಳ ಲೆಕ್ಕ ಹಾಕದೆ ಅಲ್ಲಿಗೆ ಹೋಗಬೇಡಿ. ಕೃತಕ ಅಂಗದ ಸಲಹೆಗೆ ದಾವಣಗೆರೆಯಲ್ಲೇ ಕೇಂದ್ರ ಸರ್ಕಾರದ ಸಂಯೋಜಿತ ಪ್ರಾದೇಶಿಕ ಕೇಂದ್ರ ಇದೆ. ಹುಬ್ಬಳ್ಳಿಯಲ್ಲಿ ಮಹಾವೀರ ಲಿಂಬ್ ಸೆಂಟರ್ ಇದೆ.

ಬೈಕು ಕೊಡಿಸುವ ತಂದೆಯರಿಗೆ ಒಂದು ಪ್ರಕರಣ. 2017ರ ಜನವರಿಯಲ್ಲಿ ಕೊಯಮತ್ತೂರಿನಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬನ ಮುಂದೆ ಕಾರೊಂದು ಹೆದ್ದಾರಿಯಲ್ಲಿ ಸೂಚನೆ ಕೊಡದೆ ತಟ್ಟನೆ ನಿಂತಿತು. ಬೈಕು ಅದಕ್ಕೆ ಬಡಿಯಿತು, ಬಿದ್ದವನ ಕಾಲಿನ ಮೇಲೆ ಹಿಂದಿನ ಬಸ್ಸು ಹರಿಯಿತು. ಎಡಗಾಲು ಹೋಯಿತು. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟು ಪರಿಹಾರವನ್ನು ಸುಮಾರು 1.14 ಕೋಟಿ ಎಂದು ಲೆಕ್ಕ ಹಾಕಿ, ಅದರಲ್ಲಿ ಐದನೆಯ ಒಂದು ಭಾಗ ಕಡಿತ ಮಾಡಿತು. ಮುಂದಿನ ವಾಹನದಿಂದ ಸಾಕಷ್ಟು ದೂರ ಇಟ್ಟಿರಲಿಲ್ಲ, ಚಾಲನಾ ಪರವಾನಗಿಯೂ ಇರಲಿಲ್ಲ ಎಂದು ಹುಡುಗನ ಮೇಲೆ ಶೇ. 20 ಹೊಣೆ. ಇಪ್ಪತ್ತು ಲಕ್ಷ ದಾಟಿದ ಕಡಿತ. ಹದಿನೆಂಟು ತುಂಬದ ಮಗನಿಗೆ ಬೀಗದಕೈ ಕೊಟ್ಟವರಿಗಂತೂ 25,000 ರೂಪಾಯಿ ದಂಡವೂ ಮೂರು ವರ್ಷದವರೆಗೆ ಸೆರೆಯೂ 2019ರಿಂದ ಕಾಯಿದೆಯಲ್ಲೇ ಇದೆ.

ನನ್ನ ವಿದ್ಯಾರ್ಥಿಗೆ ಆದೇಶವಾದದ್ದು 2019ರಲ್ಲಿ. ನಾನು ಹೆದರಿಸಿದ ಹಾಗೆ ಹತ್ತು ವರ್ಷವೇನೂ ಹಿಡಿಯಲಿಲ್ಲ. ಮೊತ್ತ ಎಷ್ಟೆಂದು ಬರೆಯುವುದಿಲ್ಲ, ಅದು ಅವರ ಮನೆಯ ವಿಚಾರ. ನಲವತ್ತು ಸಾವಿರದ ಅನೇಕ ಪಟ್ಟು. ಅವನು ಡಿಪ್ಲೊಮಾ ಮುಗಿಸಿ ಈಗ ಹರಿಹರದಲ್ಲಿ ಕೆಲಸದಲ್ಲಿದ್ದಾನೆ. ಆ ಮೊದಲ ಕಾಲು ಎರಡು ವರ್ಷಕ್ಕೇ ಗಿಡ್ಡವಾಗಿತ್ತು. ಆಮೇಲೆ ಎರಡು ಸಲ ಬದಲಿಸಿದ್ದಾನೆ, ಎರಡೂ ಸಲ ಠೇವಣಿಯ ಹಣದಿಂದ.

ಕಳೆದ ಯುಗಾದಿಗೆ ಅವರ ಮನೆಗೆ ಹೋಗಿದ್ದೆ. ಗೋಡೆಯ ಗೂಟಕ್ಕೆ ಬಟ್ಟೆ ಅಂಗಡಿಯ ಹಳೆಯ ಚೀಲವೊಂದು ನೇತಾಡುತ್ತಿತ್ತು. ಕೇಸಿನ ಕಾಲದಲ್ಲಿ ಆಕೆ ಔಷಧದ ಚೀಟಿಯಿಂದ ಆಟೋ ಬಾಡಿಗೆಯವರೆಗೆ ಎಲ್ಲ ಕಾಗದವನ್ನೂ ಅದರಲ್ಲೇ ಕೂಡಿಡುತ್ತಿದ್ದರು. ಈಚಿನ ಕಾಲಿನ ಬಿಲ್ಲೂ ಅದರಲ್ಲಿತ್ತು.

"ಕೇಸು ಮುಗಿದು ಎಷ್ಟೋ ವರ್ಷ ಆಯಿತಲ್ಲಮ್ಮ, ಇದನ್ನು ಇನ್ನು ಯಾರೂ ಕೇಳುವುದಿಲ್ಲ" ಎಂದೆ.

"ಗೊತ್ತೈತ್ರಿ ಮೇಷ್ಟ್ರೇ" ಎಂದು ಆಕೆ ಚೀಲವನ್ನು ಮತ್ತೆ ಗೂಟಕ್ಕೆ ಹಾಕಿದರು. "ಎಷ್ಟಾತು ಅಂತ ನಮಗಾರ ಲೆಕ್ಕ ಇರ್ಲಿ."